ಸದ್ದು ಮಾಡದ ಕಂಪ್ಯೂಟರ್

೧೪ ಜೂನ್, ಭಾನುವಾರ ಬೆಳಿಗ್ಗೆ

ಪ್ರೀತಿಯ ಭಾಮೈದನಿಗೆ,

ಹೇಗಿದ್ದೀಯಪ್ಪಾ? ನಿನ್ನ ಕಾಗದ ಬಂದು ಮೂರು ತಿಂಗಳಾಯ್ತು. ಭಾವನಿಗೆ ಕೊಬ್ಬು ಅಂದುಕೊಂಡಿರ್ತೀಯ. ಕೊಬ್ಬಲ್ಲ ಕಣೋ, ಬರೆಯೋಕೆ ಮುಖ ಇರಲಿಲ್ಲ. "ಅಕ್ಕನ ದನಿ ಮರೆತುಹೋಗ್ತಿದೆ ಭಾವ, ಆ ಕ್ಯಾಸೆಟ್‌ಗಳಲ್ಲಿ ಇರೋದನ್ನ ಕಳಿಸ್ಕೊಡಿ" ಅಂತ ನೀನು ಬರೆದಿದ್ದೆ. ಇಷ್ಟು ವರ್ಷದಲ್ಲಿ ನೀನು ನನ್ನನ್ನ ಕೇಳಿದ್ದು ಅದೊಂದೇ.

ನಮ್ಮ ಭಾನುವಾರದ ಕ್ಯಾಸೆಟ್‌ಗಳು, ನಲವತ್ತೆರಡು. ನಿನ್ನ ಹಾರ್ಮೋನಿಯಂ, ನನ್ನ ಕೊಳಲು. ಪ್ರತಿ ಹಾಡು ಮುಗಿದ ಮೇಲೂ ನಿನ್ನ ಅಕ್ಕ ಪಕ್ಕದ ಕೋಣೆಯಿಂದ ಕಡೇ ಸಾಲನ್ನ ಒಬ್ಬಳೇ ಗುನುಗುತ್ತಿದ್ದಳಲ್ಲ. ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಸ್ಪೀಕರ್ ಜೋಡಿಸಿ, ಕೂತಲ್ಲೇ ಕೇಳಬೇಕು ಅಂತ ಹೋದ ವರ್ಷ ಹೊರಟೆ.

ಕಂಪ್ಯೂಟರ್ ಅಂಗಡಿಯಾಕೆ ಒಳ್ಳೆಯವಳು. ದೊಡ್ಡದೊಂದು ತೋರಿಸಿದಳು, ಒಳಗೆ ಬೇಕಾದಷ್ಟು ಜಾಗ. ಆದ್ರೆ ಆನ್ ಮಾಡಿದ್ದೇ ತಡ, ಫ್ಯಾನ್ ಗುಂಯ್ ಅಂತ ಶುರು. ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಕಿವಿ ನಂದು, ಸಹಿಸತ್ತಾ? ಬೇಡ ಅಂದೆ. ಲ್ಯಾಪ್‌ಟಾಪ್ ತಂದಿಟ್ಟಳು, ಬಿಸಿಯಾದ್ರೆ ಅದೂ ಅದೇ ರಾಗ. ದೊಡ್ಡದನ್ನೇ ತಗೊಂಡು ಪಕ್ಕದ ಕೋಣೆಯಲ್ಲಿಟ್ಟು ಉದ್ದ ವೈರ್ ಎಳೀರಿ ಅಂದಳು. ಆ ಕೋಣೆಯಲ್ಲಿ ನಿನ್ನ ಅಕ್ಕ ಹೋದಾಗಿಂದ ನಾನು ಒಂದು ಕುರ್ಚಿ ಸಹ ಸರಿಸಿಲ್ಲ. ಆಗಲ್ಲ ಅಂದೆ.

ಕೊನೆಗೆ ಊಟದ ಡಬ್ಬಿಯಷ್ಟು ಪುಟ್ಟದೊಂದು ಸಿಕ್ಕಿತು, ಫ್ಯಾನೇ ಇಲ್ಲ. ಕಿವಿ ಒತ್ತಿ ಕೇಳಿದೆ, ತುಟಿಪಿಟಕ್ಕೆನ್ನಲಿಲ್ಲ. ಇದರಲ್ಲಿ ಜಾಗ ಕಡಿಮೆ, ಹೊರಗೆ ಬೇರೆ ಡಿಸ್ಕ್ ಇಟ್ಕೊಳ್ಳಿ ಅಂದಳು. ಆ ಡಿಸ್ಕ್ ತಿರುಗುವಾಗ ಕಿರಕಿರ ಅಂತಿತ್ತು, ಅದೂ ಬೇಡ ಅಂದೆ. ಟೇಪಿನ ಗಲೀಜು ಸದ್ದು ತೆಗೆಯೋ ಪ್ರೋಗ್ರಾಮ್ ಹಾಕಿಕೊಟ್ಟು, ಬಾಗಿಲ ತನಕ ಬಂದು, "ಸರ್, ಮೂಲದ್ದು ಒಂದು ಪ್ರತಿ ಮಾತ್ರ ಇಟ್ಕೊಂಡಿರಿ" ಅಂದಳು. ತಲೆಯಾಡಿಸಿ ಬಂದೆ.

ಆ ಪ್ರೋಗ್ರಾಮಿಗೆ ಇಷ್ಟಕ್ಕಿಂತ ಮೆತ್ತಗಿನ ಸದ್ದನ್ನೆಲ್ಲ ಅಳಿಸು ಅಂದ್ರೆ ಅಳಿಸತ್ತೆ. ನನಗೋ ಶುದ್ಧ ಸದ್ದಿನ ಹುಚ್ಚು, ಆ ಮಿತಿಯನ್ನ ಪೂರ್ತಿ ಏರಿಸಿದೆ. ಟೇಪಿನ ಸುಯ್‌ಗುಟ್ಟೋದು, ಬೀದಿಯ ಗಾಡಿ, ಪಾತ್ರೆ ಸದ್ದು ಎಲ್ಲ ಹೋಯ್ತು. ಜಾಗ ಸಾಲದೆ, ಕ್ಯಾಸೆಟ್‌ನಿಂದ ಇಳಿಸಿಕೊಂಡಿದ್ದ ಮೂಲದ್ದನ್ನೂ ಅಳಿಸಿದೆ. ಕ್ಯಾಸೆಟ್‌ಗಳನ್ನ ಗುಜರಿಗೆ ಹಾಕಿದೆ. ಈಗ ನಿನ್ನ ಹಾರ್ಮೋನಿಯಂ ಎಷ್ಟು ನಿಚ್ಚಳ ಅಂದ್ರೆ ನೀನು ತಪ್ಪಿದ್ದೆಲ್ಲ ಎದ್ದು ಕೇಳತ್ತೆ.

ನಿನ್ನ ಕಾಗದ ಬಂದ ದಿನ ಒಂದೊಂದೇ ಹಾಕಿ ಕೇಳಿದೆ. ಹಾಡು ಮುಗಿಯತ್ತೆ, ಆಮೇಲೆ ಏನೂ ಇಲ್ಲ. ನಲವತ್ತೆರಡರಲ್ಲೂ ಇಲ್ಲ. ಮೆತ್ತಗಿನ ಸದ್ದಲ್ಲವೇ ಅವಳದು! ನೆಗಡಿ ಬಂತೂಂತ ಮೂಗು ಕೊಯ್ಕೊಂಡೆ ಕಣೋ. ಗುಜರಿಯವನ ಹತ್ತಿರ ಓಡಿದೆ, ಸಾಮಾನೆಲ್ಲ ಲಾರಿ ಹತ್ತಿ ಎಷ್ಟೋ ವಾರ ಆಗಿತ್ತು. ಅಳಿಸಿದ್ದು ಸಿಗತ್ತಾ ಅಂತ ಅಂಗಡಿಯಾಕೆ ಒಂದು ಗಂಟೆ ಕೂತು ಕಂಪ್ಯೂಟರಲ್ಲಿ ಹುಡುಕಿ ತಲೆ ತಗ್ಗಿಸಿದಳು. ನಾನು ಹೇಳಿದ್ದೆನಲ್ಲ ಅಂತ ಅನ್ನಲಿಲ್ಲ. ಅಂದಿದ್ರೆ ಚೆನ್ನಾಗಿತ್ತು.

ಕ್ಷಮಿಸು ಅನ್ನೋಕೂ ನಾಚಿಕೆ ಆಗತ್ತೆ. ನಿನ್ನ ಹೆಂಡತಿ ಮಕ್ಕಳಿಗೆ ನನ್ನ ಆಶೀರ್ವಾದ, ಎಲ್ಲರೂ ತಣ್ಣಗಿರಿ. ಮನೆಯಲ್ಲಿ ಯಾರಾದ್ರೂ ಗುನುಗಿದ್ರೆ ಗುನುಗಲಿ ಬಿಡು.

ಇಂತಿ,
ನಿನ್ನ ಭಾವ

ಮತ್ತೊಂದು ಮಾತು: ಏನೂ ಇಲ್ಲ ಅಂದಿದ್ದು ಸುಳ್ಳು. ಹದಿನೇಳನೇ ಕ್ಯಾಸೆಟ್‌ನಲ್ಲಿ, ಹಾಡು ಮುಗಿದ ಮೇಲೆ ಒಂದು ದನಿ ಉಳಿದಿದೆ. ನನ್ನದು. "ಬಾಯಿ ಮುಚ್ಚೇ, ಟೇಪ್ ಓಡ್ತಿದೆ." ಜೋರಾಗಿತ್ತಲ್ಲ, ಅದಕ್ಕೇ ಅಳಿಸಿಲ್ಲ. ಅದಕ್ಕೆ ಅವಳು ಮೆತ್ತಗೆ ಏನೋ ಅಂದಿದ್ದಳು. ಏನಂದಳು ಅಂತ ನನಗೆ ನೆನಪಾಗ್ತಿಲ್ಲ. ನೀನು ಅಲ್ಲೇ ಹಾರ್ಮೋನಿಯಂ ಮುಂದೆ ಕೂತಿದ್ದೆ. ನಿನಗೇನಾದ್ರೂ ನೆನಪಿದ್ರೆ ಬರಿ.