ಔಷಧಿಗೆ ಕೈ ಹಾಕಬೇಡ, ಅಪ್ಪಾ

ಅಪ್ಪಾ,

ಬೆಳಗಿನ ಪಾಳಿ, ಬಂಗಾರಪೇಟೆ ಬಸ್ಸಿಗೆ ಹೊರಟೆ. ನೀನು ನಿದ್ದೆಯಲ್ಲಿದ್ದೆ, ಎಬ್ಬಿಸಲಿಲ್ಲ.

ನಿನ್ನೆ ಮಧ್ಯಾಹ್ನ ಪಾಲಿಹೌಸಿನೊಳಗೆ ಮೂವತ್ತೊಂಬತ್ತು ಡಿಗ್ರಿ ಇತ್ತು. ನಾವು ತಂದು ಬಿಟ್ಟ ಗುಲಗಂಜಿ ಹುಳಗಳು ಗಿಡದ ಹೇನು ತಿನ್ನುವುದನ್ನು ನಿಲ್ಲಿಸಿ ಎಲೆಯಡಿ ಅವಿತಿವೆ. ಇನ್ನೆರಡು ದಿನ ಒಳಗೆ ಹೀಗೇ ಬಿಸಿಯಾಗಿದ್ದರೆ ಸತ್ತೇ ಹೋಗುತ್ತವೆ ಅಂತ ಭಯ. ಹತ್ತು ಗಂಟೆಯೊಳಗೆ ನೆರಳು ಪರದೆ ಎಳೆ. ಗಂಟೆಗೊಮ್ಮೆ ಐದು ನಿಮಿಷ ಮಂಜಿನಂತೆ ನೀರು ಹನಿಸುವ ಫಾಗರ್ ಬಿಡು. ತಂಪಾದರೆ ಮತ್ತೆ ತಿನ್ನಲು ಶುರುಮಾಡುತ್ತವೆ.

ಕ್ಯಾಪ್ಸಿಕಂ ಕುಡಿಗಳಲ್ಲಿ ಹೇನು ಮುತ್ತಿರುವುದು ನೋಡಿ ನಿನಗೆ ತಡೆಯಲಾಗುವುದಿಲ್ಲ, ಗೊತ್ತು. ಆದರೂ ಔಷಧಿ ಹೊಡೆಯಬೇಡ. ಹೋದ ವರ್ಷ ಇಂಥದೇ ಬಿಸಿಲಲ್ಲಿ ನೀನು "ನಂಗೇನೂ ಆಗಲ್ಲ, ಓಗಮ್ಮ" ಅಂದು ಔಷಧಿ ಹೊಡೆಯಲು ಹೋದೆ. ಅರ್ಧ ಗಂಟೆಯಲ್ಲಿ ಸಾಲಿನ ನಡುವೆ ಬಿದ್ದಿದ್ದೆ. ನಿನ್ನ ಬಾಯಿಯ ನೊರೆ ಒರೆಸಿದ್ದು ನಾನು. ಈಗಲೂ ಫ್ಯಾಕ್ಟರಿಯಲ್ಲಿ ಫೋನ್ ಬಂದರೆ ನಿನ್ನದೇ ಸುದ್ದಿಯೇನೋ ಅಂತ ಕೆಲಸ ಬಿಟ್ಟು ಓಡುತ್ತೇನೆ.

ಔಷಧಿ ಹೊಡೆಯುವ ಪಂಪಿನ ನಾಜಲ್ ಬಿಚ್ಚಿ ನನ್ನ ಬ್ಯಾಗಿಗೆ ಹಾಕಿಕೊಂಡಿದ್ದೇನೆ. ಪಕ್ಕದ ತೋಟದ ಸುಧಾಕರಣ್ಣನಿಗೂ ನಿನಗೆ ಪಂಪು ಕೊಡಬೇಡ ಅಂತ ಹೇಳಿದ್ದೇನೆ. ಸಂಜೆ ಬಂದಮೇಲೆ ಎಷ್ಟಾದರೂ ಬೈಯಿ, ಎದುರು ಕೂತು ಕೇಳಿಸಿಕೊಳ್ಳುತ್ತೇನೆ.

ಶಶಿ