ಮುನಿರತ್ನಮ್ಮನವರಿಗೆ ಹೇಳಬೇಕಾಗಿದ್ದ ಮಾತು

ಒಳಊರು, ಕೋಲಾರ ಸೀಮೆಯ ಹಳೆಯ ಚಿನ್ನದ ಗಣಿ
ಫೆಬ್ರವರಿ ೩೦, ೨೧೮೭

ನೂರ ಅರವತ್ತು ವರ್ಷ ಹಿಂದಿರುವ ನಿಮಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಗೊತ್ತು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳಿಗೆ ಹೆಸರಿಲ್ಲ. ಆಗ ಊರೆಲ್ಲ ಮಲಗಿರುತ್ತದೆ. ನನ್ನ ಭಾಷೆಗೂ ಮೊದಲೇ ಸಾರಿ. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಅರ್ಧ ಇಂಗ್ಲಿಷು, ಉಳಿದರ್ಧ ಮೆಸ್ಸಿನಲ್ಲಿ ಕಲಿತ ಕನ್ನಡ. ವಿಚಿತ್ರ ಅನ್ನಿಸುವ ಪದಗಳನ್ನು ಬಂದ ಕಡೆಯೇ ಬಿಡಿಸಿ ಹೇಳುತ್ತೇನೆ.

ನೆಲದ ಮೇಲಿನ ಬಿಸಿಲನ್ನು ಈಗ ಯಾರೂ ತಡೆಯಲಾರರು. ಗಣಿಯ ಸುರಂಗಗಳೇ ನಮ್ಮ ಬೀದಿಗಳು. ಅದಕ್ಕೇ ಇದು ಒಳಊರು. ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ಕನ್ನಡಿಗಳಿವೆ, ಒಂದು ಇನ್ನೊಂದಕ್ಕೆ ಸೂರ್ಯನನ್ನು ದಾಟಿಸುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಬೆಳಕು ನಮ್ಮ ಬೀದಿಗೆ ಎಣ್ಣೆ ಹರಿದಷ್ಟು ನಿಧಾನವಾಗಿ ಇಳಿಯುತ್ತದೆ. ಮೊದಲು ಸೊಪ್ಪಿನ ಗಾಡಿ ಕಾಣುತ್ತದೆ, ಆಮೇಲೆ ಒಣಹಾಕಿದ ಬಟ್ಟೆಗಳು, ಆಮೇಲೆ ಯಾರದೋ ಮನೆಯ ಬೆಕ್ಕು, ಕೊನೆಗೆ ನನ್ನ ಹಾಸಿಗೆ. ಗೋಡೆ ಯಾವಾಗಲೂ ತಣ್ಣಗಿರುತ್ತದೆ. ಅಲ್ಲಲ್ಲಿ ಚಿನ್ನದ ಕಣ ಮಿನುಗುತ್ತದೆ, ಅದನ್ನು ಯಾರೂ ಕೆರೆಯುವುದಿಲ್ಲ. ಕಣ್ಣು ಅರ್ಧ ಮುಚ್ಚಿ ಮಲಗಿದರೆ ನೀರಿನೊಳಗಿಂದ ಆಕಾಶ ನೋಡಿದ ಹಾಗಿರುತ್ತದೆ. ಹಾಸ್ಟೆಲಿನಲ್ಲಿ ನಲವತ್ತು ಮಂಚಗಳ ನಡುವೆ ಮಲಗಿದವಳಿಗೆ ಇದು ಮೊದಲ ಸ್ವಂತ ರೂಮು. ಸ್ವಂತ ಅಂದರೆ ಬಾಡಿಗೆಯದು. ಓನರ್ ಮುನಿರತ್ನಮ್ಮ, ನಾನು ಆಂಟಿ ಅನ್ನುತ್ತೇನೆ.

ನನ್ನ ಬಾಡಿಗೆಯಲ್ಲಿ ಒಂದು ಪಾಲನ್ನು ಸರ್ಕಾರ ಕೊಡುತ್ತದೆ. ಖಾಸಗಿ ಮನೆಗಳಲ್ಲಿ ಬಾಡಿಗೆಗಿದ್ದು ಪೂರ್ತಿ ಕಟ್ಟಲಾಗದವರಿಗೆ ಕೊಡುವ ಇದಕ್ಕೆ ಸೂರುನೆರವು ಎನ್ನುತ್ತಾರೆ. ಓನರಿಗೆ ಹೇಳಲೇಬೇಕೆಂಬ ಕಾನೂನಿಲ್ಲ. ಆದರೆ ಆಫೀಸಿನವರು ಒಂದು ದಿನ ರೂಮು ನೋಡಲು ಬರುತ್ತಾರೆ, ಅವರು ಬಂದು ನಿಂತ ಮೇಲೆ ಗೊತ್ತಾಗುವುದಕ್ಕಿಂತ ಮುಂಚೆಯೇ ಹೇಳುವುದು ಮರ್ಯಾದೆ. ನಮ್ಮ ಬೀದಿಯ ನಾಲ್ಕು ಬಾಗಿಲುಗಳ ಮೇಲೆ ‘ನೆರವಿನವರಿಗೆ ಮನೆ ಇಲ್ಲ’ ಎಂದು ಬೋರ್ಡಿದೆ. ಆಂಟಿಯ ಬಾಗಿಲ ಮೇಲೆ ಏನೂ ಇಲ್ಲ. ಬೋರ್ಡಿಲ್ಲ ಅಂದರೆ ನೆರವಿನವರಾದರೂ ಪರವಾಗಿಲ್ಲ ಅಂತಲೋ, ಇನ್ನೂ ಬರೆಸಿಲ್ಲ ಅಷ್ಟೆಯೋ? ರೂಮು ಹೋದರೆ ಒಳಊರಿನ ವಿಳಾಸ ಹೋಗುತ್ತದೆ, ವಿಳಾಸ ಹೋದರೆ ಕಾಲೇಜಿನ ಸೀಟೂ ಹೋಗುತ್ತದೆ. ಮೂರು ತಿಂಗಳು ಇದೇ ಟೆನ್ಷನ್.

ಕೊನೆಗೆ ನನಗೆ ಗೊತ್ತಿದ್ದ ಒಂದೇ ದಾರಿ ಹಿಡಿದೆ. ಹಾಸ್ಟೆಲಿನಲ್ಲಿ ಜ್ವರಕ್ಕೂ ಅರ್ಜಿ, ಎರಡನೇ ಚಪಾತಿಗೂ ಅರ್ಜಿ. ‘ಪೂಜ್ಯರೇ, ಈ ಕೆಳಗೆ ಸಹಿ ಮಾಡಿರುವ ನಾನು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರುಮಾಡಿ ಎಲ್ಲ ಬರೆದು, ಮೂರು ಮಡಿಕೆ ಮಡಿಸಿ, ಆಂಟಿಯ ಕೈಗಿಟ್ಟು ಓಡಿಬಂದೆ.

ಅವರು ಮಧ್ಯಾಹ್ನ ಊಟ ಕಳಿಸಿದರು. ಬಾಡಿಗೆಯಲ್ಲಿ ಊಟ ಸೇರಿಲ್ಲ. ರಾತ್ರಿ ಮತ್ತೆ ಊಟ, ಮರುದಿನ ಪಾಯಸ. ಜೊತೆಗೆ ನನ್ನ ರೂಮಿಗೆ ಬೆಳಕು ತಿರುಗಿಸುವ ಹೊರಗಿನ ಕನ್ನಡಿಯನ್ನು ದಿನಕ್ಕಿಷ್ಟು ಹೊರಳಿಸತೊಡಗಿದರು. ಬೆಳಕು ಹಾಸಿಗೆಯಿಂದ ಇಳಿದು ನೆಲಕ್ಕೆ, ನೆಲದಿಂದ ಹೊಸ್ತಿಲಿಗೆ ಸರಿಯಿತು. ಮೂರನೆಯ ದಿನ ಅಂಗೈ ಅಗಲದ ಪಟ್ಟಿಯಷ್ಟೇ ಉಳಿಯಿತು. ಇದೇ ಉತ್ತರ ಅಂದುಕೊಂಡೆ. ಬಟ್ಟೆ ಮಡಿಸಿಟ್ಟು ಅವರ ಅಡುಗೆಮನೆಗೆ ಹೋದೆ. ಅವರು ಮುದ್ದೆ ತಿರುವುತ್ತಿದ್ದರು.

“ಏನಮ್ಮಾ, ನಿಮ್ ಹಾಸ್ಟೆಲ್ ಬೆಲ್ ಹೊಡೀದೇನೆ ಊಟಕ್ ಬಂದ್‌ಬಿಟ್ಟೆ?”

“ಆಂಟಿ, ನಾನು ಎಲ್ಲಿಗೆ ಹೋಗ್ಲಿ?”

“ನನ್ನ ಕೇಳ್ತೀಯಲ್ಲ! ಚೀಟಿ ಕೊಟ್ಟೋಳು ನೀನು.”

“ಹೋಗ್ತೀನಿ ಅಂತ ನಾನೆಲ್ಲಿ ಬರ್ದಿದೀನಿ? ನೀವು ಓದ್ಲಿಲ್ವಾ?”

“ಯಾರಾನಾ ಓದ್ತಾರಾ? ಹೋಗೋರ್ನ ಅಡ್ಡ ಹಾಕ್ದಂಗ್ ಆಗಲ್ವಾ?”

ಒಳಊರಿನ ಪದ್ಧತಿ ನನಗೆ ಆಗ ತಿಳಿಯಿತು. ಇಲ್ಲಿ ಬಾಡಿಗೆಯ ವಿಷಯವೆಲ್ಲ ಬಾಯಿಮಾತು. ಬಾಡಿಗೆಯವರು ಓನರಿನ ಕೈಗೆ ಕಾಗದ ಕೊಡುವುದು ಮನೆ ಬಿಡುವಾಗ ಮಾತ್ರ. ಅವರು ಹೊಸ್ತಿಲು ದಾಟುವ ತನಕ ಅದನ್ನು ಬಿಡಿಸಬಾರದು. ಉಂಡುಟ್ಟು ಹೋಗಲಿ ಎಂದು ಊಟ ಹಾಕಬೇಕು. ಮುಂದಿನವರು ಬರುವ ಮುಂಚೆ ರೂಮು ಸ್ವಲ್ಪ ನಿದ್ದೆ ಮಾಡಲಿ ಎಂದು ಬೆಳಕು ತಗ್ಗಿಸಬೇಕು. ನನ್ನ ಅರ್ಜಿ ಮೂರು ಮಡಿಕೆಯಲ್ಲೇ ಗೂಡಿನಲ್ಲಿ ಕೂತಿತ್ತು.

“ಮೂರು ದಿನದಿಂದ ನಾನೇನು ತಪ್ಪು ಮಾಡಿದೆ ಅಂತ ತಲೆ ಕೆಡಿಸ್ಕೊಂಡಿದೀನಿ ಕಣೇ,” ಎಂದರು. “ಏನೈತೆ ಅದ್ರಾಗೆ? ಬಾಯ್ಬಿಟ್ಟು ಹೇಳು.”

ವಾರ್ಡನ್ ಮುಂದೆ ನಿಲ್ಲುವ ಹಾಗೆ ಕೈ ಹಿಂದೆ ಕಟ್ಟಿ ನಿಂತು ಹೇಳಿದೆ. ಒಂದೇ ವಾಕ್ಯ. ಮುದ್ದೆಯ ಕೋಲು ನಿಂತಿತು.

“ನೆರವಾ?”

“ಹೂಂ ಆಂಟಿ.”

“ಆಫೀಸ್ನೋರು ನೋಡಕ್ ಬರ್ತಾರಾ? ಯೂನಿಫಾರಂ ಹಾಕ್ಕೊಂಡು?”

“ಹೂಂ.”

ಅವರು ಬಾಗಿಲ ಕಡೆ ನೋಡಿದರು. ಹೊರಗೆ ಸೊಪ್ಪಿನವಳು ಯಾರ ಜೊತೆಗೋ ಚೌಕಾಸಿ ಮಾಡುತ್ತಿದ್ದಳು. ಆಮೇಲೆ ಆಂಟಿ ದನಿ ತಗ್ಗಿಸಿದರು. “ಇರು. ನೀನಿರೋದಕ್ಕೆ ನಂಗೇನಿಲ್ಲ. ಆದ್ರೆ ಬೀದೀಲಿ ಯಾರ್ಗೂ ಅನ್ಬೇಡ. ಅವ್ರು ಬಂದ್ರೆ ನಿಮ್ ಕಾಲೇಜ್ನೋರು ಅಂತೀನಿ.” ಮುದ್ದೆ ತಟ್ಟೆಗೆ ಹಾಕಿಕೊಟ್ಟು, ಕೈ ಒರೆಸಿಕೊಂಡು ಕನ್ನಡಿ ತಿರುಗಿಸಲು ಹೋದರು.

ರೂಮು ಉಳಿಯಿತು. ಈಗ ಬರೆಯುತ್ತಿರುವ ಕಾಗದದ ಮೇಲೂ ಬೆಳಕಿದೆ. ಆಂಟಿ ಒಳ್ಳೆಯವರು, ಅದರಲ್ಲಿ ಡೌಟಿಲ್ಲ. ಆದರೂ ಆ ‘ಇರು’ ಎಷ್ಟು ಮೆಲ್ಲಗಿತ್ತೆಂದರೆ, ಅದರೊಳಗೆ ನಾನು ಮೈ ಕುಗ್ಗಿಸಿಕೊಂಡೇ ಇರಬೇಕು. ಬೀದಿಯವರಿಗೆ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ನೀವು ನಮ್ಮ ಬೀದಿಯವರಲ್ಲ, ಹಾಗಾಗಿ ನಿಮಗೆ ಹೇಳಿದೆ.

ಒಂದು ಕೋರಿಕೆ. ನಿಮ್ಮ ಕಾಲದಲ್ಲೂ ಯಾರಾದರೂ ಬಂದು ಬಾಗಿಲಲ್ಲಿ ನಿಂತು, ಬಾಡಿಗೆಗೆ ನೆರವು ತೆಗೆದುಕೊಳ್ಳುತ್ತಿದ್ದೇನೆ ಎಂದು ಹೇಳಬಹುದು. ಅವರಿಗೆ ‘ಇರು’ ಅನ್ನುವುದಾದರೆ ದಯವಿಟ್ಟು ಬೀದಿಗೆ ಕೇಳುವ ಹಾಗೆ ಅನ್ನಿ. ನೀವು ಈಗಿನಿಂದ ಶುರುಮಾಡಿದರೆ ನನ್ನ ಕಾಲ ಬರುವಷ್ಟರಲ್ಲಿ ನಮ್ಮ ಬೀದಿಗೂ ಅಭ್ಯಾಸವಾಗಿರುತ್ತದೆ.

ಇಂತಿ,
ಬಿಂದುಶ್ರೀ
ಫಸ್ಟ್ ಇಯರ್