ಬೂಷ್ಟು ಡಾಕ್ಟರಮ್ಮನ ಮೇಷ್ಟ್ರು

ಸೆಪ್ಟೆಂಬರ್ 9, ಮಂಗಳವಾರ. ಬೆಳಿಗ್ಗೆ 7.10

ಇವರು ಬಚ್ಚಲುಮನೆಯಲ್ಲಿ ಹಾಜರಿ ಕರೆಯುತ್ತಿದ್ದಾರೆ. ಕ್ಲಾಸಿನ ಮಕ್ಕಳ ಇಪ್ಪತ್ತೆಂಟು ಹೆಸರು, ಬಾಯಿಪಾಠಕ್ಕೆ. ಹನ್ನೊಂದನೆಯದರ ಹತ್ತಿರ ದಿನಾ ಎಡವುತ್ತಾರೆ, ಮತ್ತೆ ಒಂದರಿಂದ ಶುರು. ಬಿಸಿನೀರು ಬರುವುದೇ ಹತ್ತು ನಿಮಿಷ. ಅದಷ್ಟೂ ಆ ಹನ್ನೊಂದನೆಯ ಹೆಸರಿಗೆ ಹೋಗುತ್ತದೆ. ನನಗೆ ತಣ್ಣೀರೇ ಗತಿ.

ಈ ದೇಶಕ್ಕೆ ಬಂದು ಎಪ್ಪತ್ತೊಂದು ದಿನ. ಊರಿನಲ್ಲಿ ಆರು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟವರು ಇವರು. ಸ್ಕಾಲರ್‌ಶಿಪ್ ಸಿಕ್ಕಿದ್ದು ಮಾತ್ರ ನನಗೆ. ಕೆಲಸ ಬಿಟ್ಟು ನನ್ನ ಹಿಂದೆ ಬಂದರು. ಅತ್ತೆ ಸೂಟ್‌ಕೇಸಿಗೆ ಮಗನ ಸ್ವೆಟರ್ ಮೂರು ತುರುಕಿದರು, ಅಷ್ಟೆ. ಹೋದ ವಾರದಿಂದ ಇಲ್ಲಿನ ಶಾಲೆಯಲ್ಲಿ ಹತ್ತನೇ ಕ್ಲಾಸು, ಜೊತೆಗೆ ಆರನೇ ಕ್ಲಾಸಿನ ಎರಡು ಸೆಕ್ಷನ್. ಡಿಸೆಂಬರ್ ತನಕ ಪ್ರೊಬೇಷನ್.

ಬ್ರೆಡ್ಡಿಗೆ ಬೂಷ್ಟು ಬಂದಿತ್ತು. ಬಿಸಾಡಲು ಹೊರಟವರನ್ನು ತಡೆದೆ... ಹಸಿರಿನ ಅಂಚಿಗೆ ಹಳದಿ ತಿರುಗಿದೆ, ನೋಡಬೇಕು ಅಂತ. ಶೇಖರಿಸಿಟ್ಟ ಕಾಳಿಗೆ ಹಿಡಿಯುವ ಬೂಷ್ಟೇ ನನ್ನ ಪಿಎಚ್‌ಡಿ.

"ಬೂಷ್ಟು ಡಾಕ್ಟರಮ್ಮ, ನೀನು ನೋಡಿ ಮುಗಿಸೋ ತನಕ ನಾನೇನು ತಿನ್ನಲಿ?"

ಮೊಟ್ಟೆ ಬೇಯಿಸಿಕೊಟ್ಟೆ. ಬಸ್ಸಿಗೆ ಓಡಿದರು. ಛತ್ರಿ ಇಲ್ಲೇ.

ಸೆಪ್ಟೆಂಬರ್ 14, ಭಾನುವಾರ

ಚರ್ಚಿಗೆ ಹೋಗಿಬಂದೆವು. ಇದು ಮೂರನೆಯದು—ಮೊದಲೆರಡು ದೂರ. ಐವತ್ತು ಜನರ ಪುಟ್ಟ ಸಭೆ. ಬೆಂಚು ಉದ್ದ, ಜನ ದೂರ ದೂರ ಕೂತಿದ್ದಾರೆ. ಎರಡನೇ ಹಾಡಿನ ರಾಗ ನಮ್ಮದೇ. ಇವರ ಮುಖ ಅರಳಿತು. ಇಂಗ್ಲಿಷ್ ಪುಸ್ತಕ ಕೈಯಲ್ಲೇ ಇದೆ, ಬಾಯಲ್ಲಿ ಬಂದದ್ದು ಕನ್ನಡ. ಅದೂ ಊರಿನ ಕ್ವಾಯರಿನ ದಪ್ಪ ದನಿಯಲ್ಲಿ. ಮುಂದಿನ ನಾಲ್ಕು ಸಾಲು ಒಟ್ಟಿಗೇ ತಿರುಗಿ ನೋಡಿತು. ನಾನು ನೆಲ ನೋಡಿದೆ. ಇವರು ಚರಣ ಮುಗಿಸಿಯೇ ಬಿಟ್ಟಿದ್ದು.

ಆಮೇಲೆ ಟೀ ಕುಡಿಯುವಾಗ ಒಬ್ಬ ಹೆಂಗಸು ತಾವಾಗಿ ಬಂದು ಮಾತಾಡಿಸಿದರು. ಐವತ್ತೈದರ ಆಸುಪಾಸು. ಇವರ ಶಾಲೆಯ ಲೈಬ್ರರಿಯಲ್ಲೇ ಕೆಲಸವಂತೆ. ಇನ್ನೊಮ್ಮೆ ಹಾಗೇ ಹಾಡಬೇಕು ಅಂದರು. ನಾವು ನಮ್ಮೊಳಗೆ ಅವರಿಗೆ ಲೈಬ್ರರಿ ಅಕ್ಕ ಅಂತ ಹೆಸರಿಟ್ಟಿದ್ದೇವೆ.

ಸಂಜೆ ಪ್ರಾರ್ಥನೆ. ಮದುವೆಯಾದ ದಿನದಿಂದ ಒಂದೇ ರೂಢಿ—ಇಬ್ಬರೂ ಬಾಯಿಬಿಟ್ಟು, ಒಬ್ಬರಾದ ಮೇಲೆ ಒಬ್ಬರು. ಇವರದು ಉದ್ದ. ಅಕ್ಟೋಬರ್ 30ರ ನನ್ನ ಪಿಎಚ್‌ಡಿ ರಿವ್ಯೂ, ಅತ್ತೆಯ ಮಂಡಿನೋವು, ಕೊನೆಗೆ ಕೆಳಗಿನ ಮನೆಯ ಕುಂಟುಬೆಕ್ಕು. ನನಗೆ ನಗು ತಡೆಯಲಾಗಲಿಲ್ಲ. ಆಮೆನ್ ಅಂದಿದ್ದು ಸೆರಗು ಬಾಯಿಗಿಟ್ಟುಕೊಂಡೇ.

ಸೆಪ್ಟೆಂಬರ್ 25, ಗುರುವಾರ

ಎಂಟು ವಾರದ ಕೆಲಸ ಹಾಳು. ಎಲ್ಲಿಂದಲೋ ಇನ್ನೊಂದು ಜಾತಿಯ ಬೂಷ್ಟು ನುಗ್ಗಿ ನನ್ನ ಬೂಷ್ಟನ್ನೇ ನುಂಗಿಹಾಕಿದೆ. ಬೂಷ್ಟು ಬೆಳೆಸಿದ್ದ ನಲವತ್ತು ಪ್ಲೇಟು. ಕುದಿಸಿ ಬಿಸಾಡಿದೆ. ಗೈಡ್ ಏನೂ ಬೈಯಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಅದು ಬೈಗುಳಕ್ಕಿಂತ ಕಷ್ಟ. ರಿವ್ಯೂಗೆ ಏನು ತೋರಿಸುವುದೋ...

ಇವರಿಗೆ ಹೇಳಿಲ್ಲ. ಸುಮ್ಮನೆ ಯಾಕೆ ತಲೆನೋವು. ಇವರಿಗೂ ಸುಸ್ತು—ಎರಡು ದಿನದಿಂದ ತಡವಾಗಿ ಬರುತ್ತಾರೆ. ನೋಟ್‌ಬುಕ್ ತಿದ್ದುವುದಿದೆ ಅನ್ನುತ್ತಾರೆ. ಊಟ ಅರ್ಧ.

ಅಕ್ಟೋಬರ್ 12, ಭಾನುವಾರ

ಎಷ್ಟು ದಿನವಾಯಿತು ಬರೆದು. ಹೊಸ ಪ್ಲೇಟುಗಳ ಹಿಂದೆ ಬಿದ್ದಿದ್ದೆ. ಇವತ್ತು ಬರೆಯದಿದ್ದರೆ ಆಗುವುದಿಲ್ಲ.

ಆರಾಧನೆ ಮುಗಿದ ಮೇಲೆ ಲೈಬ್ರರಿ ಅಕ್ಕ ನನ್ನ ಕೈ ಹಿಡಿದುಕೊಂಡರು. ಆ ಪತ್ರದ ವಿಷಯ ಕೇಳಿ ತುಂಬ ಬೇಜಾರಾಯಿತು, ನಿಮ್ಮ ಯಜಮಾನರು ಒಳ್ಳೆಯವರು, ಸ್ವಲ್ಪ ನಿಧಾನಕ್ಕೆ ಮಾತಾಡಿದರೆ ಸಾಕು ಅಂದರು. ನಾನು ಎಲ್ಲ ಗೊತ್ತಿದ್ದವಳ ಹಾಗೆ ತಲೆಯಾಡಿಸಿದೆ. ಅವರು ಹೇಳುತ್ತಾ ಹೋದರು, ನಾನು ಆಡಿಸುತ್ತಾ ಹೋದೆ. ಹತ್ತನೇ ಕ್ಲಾಸಿನ ಒಂಬತ್ತು ಜನ ತಂದೆತಾಯಿಯರು ಸಹಿ ಹಾಕಿದ ಪತ್ರ. ಮೇಷ್ಟ್ರ ಮಾತು ಮಕ್ಕಳಿಗೆ ತಿಳಿಯುತ್ತಿಲ್ಲ, ಇದು ಪಬ್ಲಿಕ್ ಪರೀಕ್ಷೆಯ ವರ್ಷ, ಬೇರೆಯವರನ್ನು ಹಾಕಿ ಅಂತ. ಹೆಡ್‌ಮಿಸ್ಟ್ರೆಸ್ ನಾಲ್ಕು ವಾರ ಟೈಮ್ ಕೊಟ್ಟಿದ್ದಾರೆ. ಆಮೇಲೆ ತಾವೇ ಬಂದು ಕ್ಲಾಸಿನಲ್ಲಿ ಕೂರುತ್ತಾರೆ. ಪತ್ರ ಬಂದಿದ್ದು ಸೆಪ್ಟೆಂಬರ್ 23ಕ್ಕೆ.

ಮನೆಗೆ ಇಪ್ಪತ್ತು ನಿಮಿಷದ ದಾರಿ. ಇವರು ಹೊಸ ಬಸ್ ಸ್ಟಾಪಿನ ಬಗ್ಗೆ ಮಾತಾಡಿದರು. ಅದರ ಬೆಂಚು ಓರೆಯಾಗಿದೆಯಂತೆ.

ಬಾಗಿಲು ಹಾಕಿದ ಮೇಲೆ ಕೇಳಿದೆ. ಶೂ ಬಿಚ್ಚುತ್ತಿದ್ದವರು ಬಿಚ್ಚುವುದನ್ನು ನಿಲ್ಲಿಸಿದರು.

"ನಿನ್ನ ರಿವ್ಯೂ ಮುಗೀಲಿ ಅಂತಿದ್ದೆ."

"ದಿನಾ ಸಂಜೆ ಪಕ್ಕದಲ್ಲೇ ಕೂತು ಪ್ರಾರ್ಥನೆ ಮಾಡ್ತೀರ. ನನ್ನ ರಿವ್ಯೂ ಇರುತ್ತೆ. ಅಮ್ಮನ ಮಂಡಿ ಇರುತ್ತೆ. ಆ ಬೆಕ್ಕೂ ಇರುತ್ತೆ. ಇದೊಂದು ಮಾತ್ರ ಇಲ್ಲ. ದೇವರಿಗೂ ಹೇಳ್ಲಿಲ್ವಾ, ಇಲ್ಲಾ ನನಗೆ ಕೇಳಿಸದ ಹಾಗೆ ಹೇಳಿದ್ರಾ?"

ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ಬರೀ ಕಾಲುಚೀಲ.

"ಬಸ್ಸಲ್ಲಿ ಹೇಳ್ತಿದ್ದೆ," ಅಂದರು.

ಅಳು ಬಂತು. ಸಿಟ್ಟಿಗೋ ಮತ್ತೆ ಯಾವುದಕ್ಕೋ. ಇವತ್ತು ಸಂಜೆ ಪ್ರಾರ್ಥನೆ ಆಗಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ.

ಅಕ್ಟೋಬರ್ 14, ಮಂಗಳವಾರ. ಮಧ್ಯಾಹ್ನ, ಲ್ಯಾಬಿನಲ್ಲಿ

ಮಾತುಕತೆ ಅನ್ನ ಬೇಕಾ, ಸಾಕಾ, ಕೀ ಎಲ್ಲಿ, ಇಷ್ಟರಲ್ಲೇ ಇದೆ. ಬಿಗುಮಾನ ನನ್ನದು. ಇವರು ಎರಡು ದಿನದಿಂದ ಬಿಸಿನೀರು ನನಗೇ ಬಿಟ್ಟಿದ್ದಾರೆ. ಹಾಜರಿಯೂ ಇಲ್ಲ, ಹಾಡೂ ಇಲ್ಲ. ಮನೆ ಬಿಕೋ ಅನ್ನುತ್ತದೆ.

ಈಗ ಹೊಸ ಪ್ಲೇಟುಗಳನ್ನು ಶುರುಮಾಡಿದ ತಾರೀಖು ಲ್ಯಾಬಿನ ಪುಸ್ತಕಕ್ಕೆ ಏರಿಸುತ್ತಿದ್ದೆ. ಸೆಪ್ಟೆಂಬರ್ 26, 26, 26... ನಲವತ್ತು ಸಲ. ಹದಿನೈದನೆಯದಕ್ಕೋ ಏನೋ ಪೆನ್ನು ನಿಂತಿತು. ಹಿಂದಿನ ನಲವತ್ತರ ಗತಿಯನ್ನು ನಾನು ಯಾರಿಗೆ ಹೇಳಿದ್ದೆ?

ನನ್ನ ಪ್ರಾರ್ಥನೆಯಲ್ಲೂ ಅದು ಇರಲಿಲ್ಲ. ನಾನು ಬಸ್ಸಿನಲ್ಲೂ ಹೇಳಿಕೊಂಡಿರಲಿಲ್ಲ.

ಅಕ್ಟೋಬರ್ 15, ಬುಧವಾರ

ನಿನ್ನೆ ಸಂಜೆ ನಾನೇ ಹೋಗಿ ಮಂಚದ ತುದಿಗೆ, ಯಾವಾಗಲೂ ಕೂರುವಲ್ಲಿ ಕೂತೆ. ಇವರು ಬಂದು ಪಕ್ಕದಲ್ಲಿ ಕೂತರು, ನಡುವೆ ಒಂದು ಗೇಣು ಬಿಟ್ಟು. ನಾನು ಶುರುಮಾಡಿದೆ. ಕರ್ತನೇ, ಸೆಪ್ಟೆಂಬರಿನಲ್ಲಿ ನನ್ನ ಎಂಟು ವಾರದ ಕೆಲಸ ಹಾಳಾಯಿತು, ಇವರಿಗೆ ಹೇಳದೆ ಮುಚ್ಚಿಟ್ಟೆ, ಮೇಲಿಂದ ಇವರನ್ನೇ ಬೈದೆ, ಕ್ಷಮಿಸು ಅಂದೆ.

"ಎಂಟು ವಾರಾನಾ?"

"ಪ್ರಾರ್ಥನೆ ನಡೀತಿದೆ."

"ನಡೀಲಿ. ಎಂಟು ವಾರದ್ದೂ ಹೋಯ್ತಾ?"

ಕಣ್ಣು ಬಿಟ್ಟರೆ ಇವರು ಆಗಲೇ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಾರೆ. ನಕ್ಕೆವು. ಆಮೆನ್ ಯಾರು ಹೇಳಿದರೋ, ಹೇಳಿದರೋ ಇಲ್ಲವೋ ನೆನಪಿಲ್ಲ.

ಆಮೇಲೆ ಪೂರ್ತಿ ಹೇಳಿದರು. ಮೂರನೇ ವಾರ ಬೋರ್ಡಿಗೆ ತಿರುಗಿ ಬರೆಯುತ್ತಿದ್ದಾಗ ಹಿಂದಿನಿಂದ ತಮ್ಮದೇ ದನಿ ಕೇಳಿಸಿತಂತೆ. ಕಿಟಕಿ ಪಕ್ಕದ ಹುಡುಗಿ ಅಣಕಿಸುತ್ತಿದ್ದಳು. ಕ್ಲಾಸು ಗೊಳ್ಳೆಂದಿತು. ತಾವೂ ಜೊತೆಗೆ ನಕ್ಕರಂತೆ. ಅಣಕಿಸಿದ್ದು ಅಷ್ಟು ನೋಯಲಿಲ್ಲ, ತಾನು ನಕ್ಕಿದ್ದು ಈಗಲೂ ಚುಚ್ಚುತ್ತದೆ ಅಂದರು. ಊರಿನಲ್ಲಿ ಇವರು ಕ್ಲಾಸಿಗೆ ಬಂದರೆ ಪಕ್ಕದ ಸೆಕ್ಷನ್ನಿನ ಮಕ್ಕಳು ಕಿಟಕಿಯಲ್ಲಿ ನಿಲ್ಲುತ್ತಿದ್ದರು.

ಬೆನ್ನು ಸವರಿದೆ. ಬೇರೇನು ಮಾಡಲಿ.

ಅಕ್ಟೋಬರ್ 18, ಶನಿವಾರ

ಕಪಾಟಿನ ಕನ್ನಡಿಯೇ ಬೋರ್ಡು. ಒರೆಸಿದರೆ ಹೋಗುವ ಮಾರ್ಕರ್ ಲ್ಯಾಬಿನಿಂದ ತಂದೆ. ನಾನು ಹತ್ತನೇ ಕ್ಲಾಸು, ಇಪ್ಪತ್ತೆಂಟೂ ಜನ. ಗಣಿತದಲ್ಲಿ ನಾನು ನಿಜಕ್ಕೂ ದಡ್ಡಿ, ನಟಿಸುವ ಅಗತ್ಯವೇ ಬೀಳಲಿಲ್ಲ.

ಇವರ ಇಂಗ್ಲಿಷ್ ತಪ್ಪಿಲ್ಲ. ಓಟ ಜಾಸ್ತಿ. ಖುಷಿಯಾದರೆ ಇನ್ನೂ ಓಡುತ್ತಾರೆ, ಗಣಿತ ಅಂದರೆ ಇವರಿಗೆ ಖುಷಿ. ಮಾತೆಲ್ಲ ಕನ್ನಡಿಗೆ, ಬೆನ್ನು ನನಗೆ. ಎರಡು ವಾಕ್ಯಕ್ಕೊಮ್ಮೆ ಗೊತ್ತಾಯ್ತಾ, ಗೊತ್ತಾಯ್ತಾ... ಉತ್ತರಕ್ಕೆ ಕಾಯುವುದಿಲ್ಲ. ಓಡಿದಾಗಲೆಲ್ಲ ಚಮಚದಿಂದ ತಟ್ಟೆಗೆ ಬಡಿದೆ. ಒಂದು ಗಂಟೆಯಲ್ಲಿ ಮೂವತ್ತೊಂದು ಸಲ. ಕೆಳಗಿನ ಮನೆಯ ಪಿಟೀಲು ಮೇಷ್ಟ್ರು ಬಂದು ಬಾಗಿಲು ತಟ್ಟಿದರು, ಏನಾದರೂ ರಿಪೇರಿಯೇ ಅಂತ. ಹೌದು, ರಿಪೇರಿ ಅಂದೆ.

ಮೊದಲ ತಿಂಗಳು, ನಾನು ಪಾಠ ಮಾಡುವ ಲ್ಯಾಬ್ ಕ್ಲಾಸಿನಲ್ಲಿ ನನಗೆ ಆದದ್ದೂ ಹೇಳಿದೆ. ನಾನು ಹೇಳಿದ್ದು ಒಂದು, ಮಕ್ಕಳು ಮಾಡಿದ್ದು ಇನ್ನೊಂದು. ಆಗಿನಿಂದ ಮುಖ್ಯವಾದ ಮಾತು ಮೊದಲು ಬರೆದು, ಆಮೇಲೆ ಆಡುತ್ತೇನೆ. ಇವರು ಅದನ್ನು ಕೈಮೇಲೆ ಪೆನ್ನಿನಲ್ಲಿ ಬರೆದುಕೊಂಡರು. ಬರೆ. ತಿರುಗು. ನಿಲ್ಲು. ಹೇಳು.

ಅಕ್ಟೋಬರ್ 23, ಗುರುವಾರ

ಇವತ್ತು ಹೆಡ್‌ಮಿಸ್ಟ್ರೆಸ್ ಕ್ಲಾಸಿಗೆ ಬಂದು ಕೂತರು. ಹಿಂದಿನ ಬೆಂಚು, ನಲವತ್ತು ನಿಮಿಷ.

ಬಸ್ ಸ್ಟಾಪಿಗೇ ಹೋಗಿದ್ದೆ. ಇಳಿದವರೇ ಶುರುಮಾಡಿದರು, ಮೂರನೇ ಮಹಡಿ ಹತ್ತುವ ತನಕ ನಿಲ್ಲಿಸಲಿಲ್ಲ. ಹೆಡ್‌ಮಿಸ್ಟ್ರೆಸ್ ಬಗ್ಗೆ ಎರಡೇ ಮಾತು. ಉಳಿದದ್ದೆಲ್ಲ ಆ ಕಿಟಕಿ ಪಕ್ಕದ ಹುಡುಗಿ. ಇವರು ಬರೆದು, ತಿರುಗಿ, ನಿಂತು, ಗೊತ್ತಾಯಿತೇ ಎಂದು ಒಂದೇ ಸಲ ಕೇಳಿ ಕಾದರಂತೆ. ಕಾದರು. ಕೊನೆಗೆ ಅವಳು ಕೈ ಎತ್ತಿ ಇಲ್ಲ, ಇನ್ನೊಮ್ಮೆ ಹೇಳಿ ಅಂದಳಂತೆ.

"ಹೆಡ್‌ಮಿಸ್ಟ್ರೆಸ್ ಎದುರಿಗೆ ಗೊತ್ತಾಗ್ಲಿಲ್ಲ ಅಂದ್ಲು ಕಣೇ," ಅಂದರು, ಬಹುಮಾನ ಬಂದವರ ಹಾಗೆ. "ಇನ್ನೊಮ್ಮೆ ಹೇಳಿದೆ. ಬರ್ಕೊಂಡ್ಲು."

ಅಕ್ಟೋಬರ್ 27, ಸೋಮವಾರ

ಹತ್ತನೇ ಕ್ಲಾಸು ಹೋಯಿತು.

ಹೆಡ್‌ಮಿಸ್ಟ್ರೆಸ್ ಕರೆದು ಕೂರಿಸಿ ಹೇಳಿದರಂತೆ. ಪಾಠ ಚೆನ್ನಾಗಿತ್ತು, ಬದಲಾವಣೆ ಎದ್ದು ಕಾಣುತ್ತದೆ. ಆದರೆ ಪರೀಕ್ಷೆಯ ವರ್ಷ, ತಂದೆತಾಯಿಯರು ಕಾಯುವವರಲ್ಲ. ನಾಳೆಯಿಂದ ಬೇರೊಬ್ಬರು. ಇವರಿಗೆ ಆರನೇ ಕ್ಲಾಸಿನ ಇನ್ನೊಂದು ಸೆಕ್ಷನ್ ಸೇರಿಸಿದ್ದಾರೆ, ಒಟ್ಟು ಮೂರು. ಪ್ರೊಬೇಷನ್ ಇಲ್ಲಿಗೇ ಮುಗಿಯಿತು, ಕೆಲಸ ಗಟ್ಟಿ. ಹಾಗಂತ ಕಾಗದ ಕೊಟ್ಟಿದ್ದಾರೆ.

ಇವತ್ತು ಬಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ಬಾಗಿಲಲ್ಲೇ ಹೇಳಿದರು, ಬ್ಯಾಗು ಹೆಗಲಲ್ಲಿರುವಾಗಲೇ. ಊಟ ಪೂರ್ತಿ ಮಾಡಿದರು. ಆಮೇಲೆ ಸುಮಾರು ಹೊತ್ತು ಕಿಟಕಿ ಹತ್ತಿರ. ನಾನು ಪಾತ್ರೆ ಬಿಟ್ಟು ಹೋಗಿ ಪಕ್ಕದಲ್ಲಿ ನಿಂತೆ.

"ಸೋತೆ ಅನ್ನಿಸ್ತಿಲ್ಲ. ಗೆದ್ದೆ ಅಂತಾನೂ ಅಲ್ಲ. ಇನ್ನೊಂದು ತಿಂಗಳು ಸಿಕ್ಕಿದ್ರೆ ಅಂತ ಅನ್ನಿಸ್ತಿದೆ, ಅಷ್ಟೆ."

ನನಗೂ ಹಾಗೇ ಅನ್ನಿಸಿತು. ತೋಳಿಗೆ ತಲೆ ಇಟ್ಟೆ. ಆರನೇ ಕ್ಲಾಸಿನವರಿಗೆ ಭಿನ್ನರಾಶಿ ಹೇಗೆ ಶುರುಮಾಡುವುದು ಅಂತ ಇವರೇ ಮಾತು ತೆಗೆದರು. ಚಪ್ಪಾಳೆ ತಟ್ಟಿಸಿ ಕಲಿಸಬಹುದಾ? ತಟ್ಟಿ ತೋರಿಸಿ ಅಂದೆ.

ಅಕ್ಟೋಬರ್ 30, ಗುರುವಾರ

ರಿವ್ಯೂ ಆಯಿತು. ಹಾಳಾದದ್ದನ್ನು ಹಾಳಾಯಿತು ಅಂತಲೇ ಹೇಳಿದೆ, ಫೋಟೋ ಸಮೇತ. ಪಾಸು, ಷರತ್ತಿನ ಮೇಲೆ. ಏಪ್ರಿಲ್ ಒಳಗೆ ಪ್ರಯೋಗ ಪೂರ್ತಿ ಮತ್ತೆ ಮಾಡಿ ತೋರಿಸಬೇಕು. ಹೊರಗೆ ಬಂದರೆ ಇವರು ಕಾರಿಡಾರಿನಲ್ಲಿ, ಅರ್ಧ ದಿನ ರಜೆ ಹಾಕಿ. ಮೂರು ಸ್ವೆಟರಿನಲ್ಲಿ ದಪ್ಪನೆಯದನ್ನು ತಂದು ಕೈಯಲ್ಲಿ ಹಿಡಿದಿದ್ದಾರೆ. ನಾನು ನಡುಗುತ್ತೇನೆಂದು ಗೊತ್ತಿತ್ತಂತೆ. ನಡುಗುತ್ತಲೇ ಇದ್ದೆ.

ನವೆಂಬರ್ 15, ಶನಿವಾರ. ಬೆಳಿಗ್ಗೆ 10.40

ಮೆಟ್ಟಿಲ ತಿರುವಿನಲ್ಲಿ ಮೇಜು ಸಿಕ್ಕಿಹಾಕಿಕೊಂಡಿದೆ. ಮೇಲೂ ಬರುವುದಿಲ್ಲ, ಕೆಳಗೂ ಹೋಗುವುದಿಲ್ಲ.

ನಮ್ಮ ಎರಡನೇ ಮೇಜು. ಲೈಬ್ರರಿ ಅಕ್ಕ ಕೊಟ್ಟಿದ್ದು, ಅವರ ಮಗಳದ್ದು. ಇರುವ ಒಂದರ ಮೇಲೇ ಅನ್ನದ ಪಾತ್ರೆ, ಮೂರು ಸೆಕ್ಷನ್ನಿನ ನೋಟ್‌ಬುಕ್ಕು, ನನ್ನ ಕಾಗದ... ಹೇಗೂ ಇನ್ನೂ ಮೂರು ವರ್ಷ ಇಲ್ಲೇ, ಇರಲಿ ಅಂದರು ಇವರು. ಇಲ್ಲೇ ಅನ್ನುವ ಮಾತನ್ನು ಇವರ ಬಾಯಲ್ಲಿ ಇವತ್ತೇ ಕೇಳಿದ್ದು.

ನಾನು ಮೇಲಿನ ಬದಿ, ಇವರು ಕೆಳಗಿನ ಬದಿ. ಅರ್ಧ ಗಂಟೆಯಿಂದ ಹೀಗೇ. ಮಾಡಲು ಏನೂ ಇಲ್ಲ, ಒಳಗಿನಿಂದ ಡೈರಿ ತಂದು ಮೆಟ್ಟಿಲ ಮೇಲೆ ಕೂತಿದ್ದೇನೆ. ಕೆಳಗೆ ಪಿಟೀಲು ಮೇಷ್ಟ್ರು, ಕಟ್ಟಡದ ಕಾವಲಿನವರು, ಪೋಸ್ಟ್ ತಂದಾಕೆ ಸೇರಿದ್ದಾರೆ. ಒಬ್ಬೊಬ್ಬರದು ಒಂದೊಂದು ಉಪಾಯ.

ಮೇಜಿನ ಕಾಲುಗಳ ಸಂದಿಯಿಂದ ಇವರ ನೆತ್ತಿ ಕಾಣಿಸುತ್ತಿದೆ. ರಟ್ಟಿನ ತುಂಡಿನ ಮೇಲೆ ಏನೋ ಗೀಚಿದರು. ಮೆಟ್ಟಿಲು, ಗೋಡೆ, ನಡುವೆ ಓರೆಯಾಗಿ ಮೇಜು. ಮೂವರ ಕಡೆಗೆ ತಿರುಗಿದರು. ನಿಂತರು. ಈಗ ಹೇಳುತ್ತಿದ್ದಾರೆ, ಒಂದೊಂದೇ ಮಾತು. ಈ ಮೂಲೆ ಮೊದಲು ಮೇಲಕ್ಕೆ, ಆಮೇಲೆ ಇಷ್ಟು ಡಿಗ್ರಿ ತಿರುಗಿಸಬೇಕು, ಯಾಕೆಂದರೆ ಇದು ಅದಕ್ಕಿಂತ ಉದ್ದ. ಕಾವಲಿನವರು ಒಂದು ಪ್ರಶ್ನೆ ಕೇಳಿದರು. ಇವರು ಇನ್ನೊಮ್ಮೆ ಹೇಳಿದರು. ಮೂವರೂ ತಲೆಯಾಡಿಸಿ ಒಂದೊಂದು ಕಾಲಿಗೆ ಕೈ ಹಾಕಿದ್ದಾರೆ.

"ಡಾಕ್ಟರಮ್ಮ, ಆ ತುದಿ ಹಿಡ್ಕೋ. ಮೂರು ಅಂದಾಗ ಎತ್ತು."

ಎಣಿಸುತ್ತಿದ್ದಾರೆ. ಪುಸ್ತಕ ಕೆಳಗಿಡಬೇಕು. ಒಂದು... ಎರಡು—